ಅಂಗಿಯ ಬಣ್ಣ, ನದಿಯ ಉಪ್ಪು

ಹತ್ತಿ ಬಟ್ಟೆಗೆ ಬಣ್ಣ ಹಿಡಿಯಬೇಕಾದರೆ ಉಪ್ಪು ಬೇಕು. ಕಪ್ಪು, ಕಡುನೀಲಿ, ಮರೂನ್‌ನಂಥ ಗಾಢ ಬಣ್ಣಗಳಿಗೆ ಒಂದು ಲೀಟರ್ ಬಣ್ಣದ ನೀರಿಗೆ 80ರಿಂದ 100 ಗ್ರಾಂವರೆಗೂ ಉಪ್ಪು ಬೀಳುತ್ತದೆ. ಕಿಲೊ ಬಟ್ಟೆಗೆ ಎಂಟು ಲೀಟರ್ ನೀರಿನಲ್ಲೇ ಕೆಲಸ ಮುಗಿಸುವ ಒಳ್ಳೆಯ ಯಂತ್ರವನ್ನೇ ಲೆಕ್ಕಕ್ಕೆ ಹಿಡಿದರೂ, ಲೀಟರಿಗೆ 80 ಗ್ರಾಂನಂತೆ ಅದು 640 ಗ್ರಾಂ ಆಗುತ್ತದೆ. 150ರಿಂದ 200 ಗ್ರಾಂ ತೂಗುವ ಒಂದು ಟೀ ಶರ್ಟಿನ ಪಾಲಿಗೆ ಸುಮಾರು 100ರಿಂದ 130 ಗ್ರಾಂ. ಈ ಉಪ್ಪು ಬಟ್ಟೆಯಲ್ಲಿ ಉಳಿಯುವುದಿಲ್ಲ. ಬಣ್ಣವನ್ನು ನೂಲಿಗೆ ಹತ್ತಿಸಿದ ಮೇಲೆ ತೊಳೆದ ನೀರಿನ ಜೊತೆ ಹೊರಬೀಳುತ್ತದೆ.

ಜವಳಿ ಉದ್ಯಮವನ್ನು ಪರಿಸರಸ್ನೇಹಿ ಮಾಡುವ ಮಾತು ಬಂದಾಗ ಚರ್ಚೆ ಬಹುಪಾಲು ಎರಡು ತುದಿಗಳಲ್ಲಿ ನಡೆಯುತ್ತದೆ. ಒಂದು ತುದಿಯಲ್ಲಿ ಹೊಲ: ಸಾವಯವ ಹತ್ತಿ, ಕೀಟನಾಶಕ, ನೀರಾವರಿ. ಇನ್ನೊಂದು ತುದಿಯಲ್ಲಿ ಕಪಾಟು: ಬೇಗ ಬೇಸರವಾಗುವ ಬಟ್ಟೆ, ಎಸೆದ ಬಟ್ಟೆಯ ರಾಶಿ. ಇವೆರಡರ ನಡುವೆ ಬಿಳಿಚುವ, ಬಣ್ಣ ಹಾಕುವ, ತೊಳೆಯುವ ಕೆಲಸವಿದೆ. ಕೊಳ್ಳುವವರ ಕಣ್ಣಿಗೆ ಬೀಳದ ಈ ಹಂತವೇ ಉದ್ಯಮದ ಅತಿ ಗಟ್ಟಿಯಾದ ಗಂಟು. ಈ ಗಂಟು ಹೇಗೆ ಬಿಗಿಯಿತು, ಅದನ್ನು ಬಿಡಿಸಲು ಏನೆಲ್ಲ ಬೇಕಾಯಿತು ಎಂಬುದನ್ನು ತಮಿಳುನಾಡಿನ ತಿರುಪ್ಪೂರಿನಷ್ಟು ಸ್ಪಷ್ಟವಾಗಿ ತೋರಿಸುವ ಊರು ಭಾರತದಲ್ಲಿ ಇನ್ನೊಂದಿಲ್ಲ.

ಉಪ್ಪು ಯಾಕೆ ಬೇಕು ಎಂಬುದರಿಂದಲೇ ಆರಂಭಿಸಬೇಕು. ನೀರಿಗೆ ಬಿದ್ದ ಹತ್ತಿಯ ಎಳೆಯ ಮೈಮೇಲೆ ಋಣ ವಿದ್ಯುದಂಶ ಇರುತ್ತದೆ. ಇಂದು ಹತ್ತಿಗೆ ಹೆಚ್ಚಾಗಿ ಬಳಸುವ ರಿಯಾಕ್ಟಿವ್ ಬಣ್ಣಗಳೂ ನೀರಿನಲ್ಲಿ ಋಣ ವಿದ್ಯುದಂಶವನ್ನೇ ಹೊತ್ತು ಕರಗುತ್ತವೆ. ಹೀಗಾಗಿ ಎಳೆಯೂ ಬಣ್ಣವೂ ಒಂದನ್ನೊಂದು ದೂರ ತಳ್ಳುತ್ತವೆ. ಉಪ್ಪಿನ ಸೋಡಿಯಂ ಅಯಾನುಗಳು ನಡುವೆ ಸೇರಿಕೊಂಡು ಈ ವಿಕರ್ಷಣೆಯನ್ನು ತಗ್ಗಿಸಿದಾಗ ಬಣ್ಣ ಎಳೆಯ ಹತ್ತಿರಕ್ಕೆ ಬರುತ್ತದೆ. ಆಮೇಲೆ ಸೋಡಾ ಆ್ಯಶ್ ಹಾಕಿ ನೀರನ್ನು ಕ್ಷಾರೀಯ ಮಾಡಿದರೆ ಬಣ್ಣದ ಅಣು ಹತ್ತಿಯ ಸೆಲ್ಯುಲೋಸಿನ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ. ಬ್ರಿಟನ್ನಿನ ಐಸಿಐ ಕಂಪನಿ 1956ರಲ್ಲಿ ಮಾರುಕಟ್ಟೆಗೆ ತಂದ ಪ್ರೋಸಿಯಾನ್ ಬಣ್ಣಗಳು ಈ ಬಗೆಯಲ್ಲಿ ಮೊದಲನೆಯವು. ಹೊಳಪಿನ, ಒಗೆದರೂ ಬಿಡದ, ಅಗ್ಗದ ಬಣ್ಣ ಹತ್ತಿಗೆ ಸಿಕ್ಕಿದ್ದು ಇವುಗಳಿಂದ. ಆದರೆ ಕ್ಷಾರದಲ್ಲಿ ಬಣ್ಣದ ಅಣು ಹತ್ತಿಯ ಜೊತೆ ಮಾತ್ರವಲ್ಲ, ನೀರಿನ ಜೊತೆಗೂ ಕೂಡುತ್ತದೆ. ಹಾಗೆ ನೀರಿಗೆ ಕೂಡಿಕೊಂಡ ಬಣ್ಣ ಮತ್ತೆ ಬಟ್ಟೆಗೆ ಅಂಟದು. ಬಣ್ಣದ ಬಗೆಯನ್ನು ಅವಲಂಬಿಸಿ ಹಾಕಿದ್ದರಲ್ಲಿ ನೂರಕ್ಕೆ 10ರಿಂದ 40 ಭಾಗ ಹೀಗೆ ವ್ಯರ್ಥವಾಗುತ್ತದೆ.

ಡೈಯಿಂಗ್ ಯೂನಿಟ್‌ನಲ್ಲಿ ಒಂದು ಲಾಟಿನ ಪಯಣ ಸರಿಸುಮಾರು ಹೀಗಿರುತ್ತದೆ. ನಿಟ್ಟಿಂಗ್ ಯಂತ್ರದಿಂದ ಕೊಳವೆಯಂತೆ ಹೆಣೆದು ಬಂದ ಮಾಸಲು ಬಿಳಿಯ ಬಟ್ಟೆಯನ್ನು ಸಾಫ್ಟ್ ಫ್ಲೋ ಯಂತ್ರದೊಳಗೆ ಹಗ್ಗದಂತೆ ಸುತ್ತಲು ಬಿಡುತ್ತಾರೆ. ಮೊದಲು ಕಾಸ್ಟಿಕ್ ಸೋಡಾ, ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಕುದಿಸಿ ಹತ್ತಿಯ ಮೇಣ, ಜಿಡ್ಡು ಕಳೆದು ಬಿಳಿಚುತ್ತಾರೆ. ಆ ನೀರು ಹೊರಗೆ. ತೊಳೆದು ಕ್ಷಾರ ತಣಿಸುತ್ತಾರೆ. ಆ ನೀರೂ ಹೊರಗೆ. ಆಮೇಲೆ ಬಣ್ಣ, ಕಂತು ಕಂತಾಗಿ ಉಪ್ಪು, ಕಡೆಗೆ ಸೋಡಾ; 60 ಡಿಗ್ರಿಯಲ್ಲಿ ಗಂಟೆಗಟ್ಟಲೆ ತಿರುಗುತ್ತದೆ. ಡೈಯಿಂಗ್ ಮಾಸ್ಟರ್ ಅಂಗೈಯಗಲದ ತುಂಡು ಕತ್ತರಿಸಿ ಒಣಗಿಸಿ ಖರೀದಿದಾರರು ಒಪ್ಪಿದ ಸ್ಯಾಂಪಲ್ಲಿನ ಪಕ್ಕದಲ್ಲಿಟ್ಟು ವಿಶೇಷ ಬೆಳಕಿನ ಪೆಟ್ಟಿಗೆಯಲ್ಲಿ ನೋಡುತ್ತಾರೆ. ಶೇಡು ಹೊಂದಿದರೆ ಮುಂದಕ್ಕೆ. ಹೊಂದದಿದ್ದರೆ ಇನ್ನೊಮ್ಮೆ ಬಣ್ಣ, ಇನ್ನೊಮ್ಮೆ ಉಪ್ಪು. ಅಂಟದ ಬಣ್ಣ ಬಿಡಿಸಲು 90 ಡಿಗ್ರಿ ದಾಟಿದ ಬಿಸಿನೀರಿನಲ್ಲಿ ಸೋಪು ಹಾಕಿ ತೊಳೆಯುವುದು, ಮತ್ತೆ ತಣ್ಣೀರು, ಕೊನೆಗೆ ಮೃದು ಮಾಡುವ ದ್ರಾವಣ. ಪ್ರತಿ ಹಂತಕ್ಕೂ ಒಂದೊಂದು ತೊಟ್ಟಿ ನೀರು ಹೊರಬೀಳುತ್ತದೆ. ಹಳೆಯ ವಿಂಚ್ ಯಂತ್ರಗಳ ಕಾಲದಲ್ಲಿ ಎಲ್ಲ ಹಂತಗಳೂ ಸೇರಿ ಕಿಲೊ ಬಟ್ಟೆಗೆ ನೂರು ಲೀಟರಿಗೂ ಮೀರಿ ನೀರು ಬೇಕಾಗುತ್ತಿತ್ತು.

ತಿರುಪ್ಪೂರು ಬೆಳೆದದ್ದು ಬನಿಯನ್‌ನಿಂದ. ಸ್ವಾತಂತ್ರ್ಯಕ್ಕೂ ಮುಂಚೆಯೇ ಇಲ್ಲಿ ಹೊಸೈರಿ ಯಂತ್ರಗಳು ಸದ್ದು ಮಾಡುತ್ತಿದ್ದವು. ಆಗ ಬಟ್ಟೆ ಬಹುಪಾಲು ಬಿಳಿ. ಬಣ್ಣದ ಗೊಡವೆ ಕಡಿಮೆ. 1980ರ ದಶಕದಲ್ಲಿ ಯುರೋಪು, ಅಮೆರಿಕಗಳಿಂದ ಟೀ ಶರ್ಟಿನ ಆರ್ಡರುಗಳು ಬರತೊಡಗಿದ ಮೇಲೆ ಚಿತ್ರ ಬದಲಾಯಿತು. ಇಂದು ಊರಿನ ರಫ್ತು ವರ್ಷಕ್ಕೆ 30,000 ಕೋಟಿ ರೂಪಾಯಿಗೂ ಹೆಚ್ಚು. ಭಾರತದಿಂದ ಹೊರಹೋಗುವ ಹೆಣೆದ ಉಡುಪುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇಲ್ಲಿಯದು. ರಫ್ತಿನ ಜೊತೆಗೆ ಬಣ್ಣವೂ ಬಂತು. ಸಣ್ಣ ಸಣ್ಣ ಡೈಯಿಂಗ್, ಬ್ಲೀಚಿಂಗ್ ಯೂನಿಟ್‌ಗಳು ನೂರಾರು ಸಂಖ್ಯೆಯಲ್ಲಿ ನೊಯ್ಯಲ್ ನದಿಯ ಆಚೀಚೆ ತಲೆಯೆತ್ತಿದವು.

ನೊಯ್ಯಲ್ ದೊಡ್ಡ ನದಿಯಲ್ಲ. ಕೊಯಮತ್ತೂರಿನ ಪಶ್ಚಿಮಕ್ಕೆ ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ಹುಟ್ಟಿ, ಕೊಯಮತ್ತೂರು, ತಿರುಪ್ಪೂರುಗಳನ್ನು ದಾಟಿ, ಕರೂರು ಜಿಲ್ಲೆಯಲ್ಲಿ ಕಾವೇರಿಯನ್ನು ಸೇರುತ್ತದೆ. ಮಳೆಗಾಲ ಬಿಟ್ಟರೆ ಹರಿವು ತೆಳು. ಹಿಂದಿನವರು ಇದಕ್ಕೆ ಅಡ್ಡಲಾಗಿ ಒಡ್ಡು ಕಟ್ಟಿ ಸಾಲು ಕೆರೆಗಳನ್ನು ತುಂಬಿಸಿಕೊಂಡಿದ್ದರು. ತನ್ನ ನೀರೇ ಕಡಿಮೆಯಿದ್ದ ನದಿಗೆ ಯೂನಿಟ್‌ಗಳ ನೀರು ಸೇರಿದಾಗ, ಬೇಸಗೆಯಲ್ಲಿ ಹರಿಯುತ್ತಿದ್ದುದು ಬಹುಮಟ್ಟಿಗೆ ಬಣ್ಣದ ನೀರೇ.

ನದಿಯ ಕೆಳಭಾಗದಲ್ಲಿ ಸಾವಿರಾರು ಎಕರೆ ನೆಲಕ್ಕೆ ನೀರುಣಿಸಲೆಂದು ಕಟ್ಟಿದ ಒರತ್ತುಪಾಳ್ಯಂ ಅಣೆಕಟ್ಟು 1992ರಲ್ಲಿ ಸಿದ್ಧವಾಯಿತು. ಕೆಲವೇ ವರ್ಷಗಳಲ್ಲಿ ಅದು ಯೂನಿಟ್‌ಗಳ ತ್ಯಾಜ್ಯ ನಿಲ್ಲುವ ಹೊಂಡವಾಯಿತು. ಅಣೆಕಟ್ಟಿನ ನೀರು ಬಿಡಿ ಎಂದು ಕೇಳಬೇಕಾದ ಅಚ್ಚುಕಟ್ಟಿನ ರೈತರೇ, ನೀರು ಬಿಡಬೇಡಿ ಎಂದು ಕೇಳುವ ಸ್ಥಿತಿ ಬಂತು. ಸ್ವತಂತ್ರ ಭಾರತದ ನೀರಾವರಿ ಚರಿತ್ರೆಯಲ್ಲಿ ಇದಕ್ಕಿಂತ ನೋವಿನ ಬೇಡಿಕೆ ಸಿಗುವುದು ಕಷ್ಟ. ಜಲಾಶಯದ ತಳದಿಂದ ಇಳಿದ ಉಪ್ಪು ಸುತ್ತಲಿನ ಬಾವಿಗಳನ್ನು ಸೇರಿತು. ಸವಳು ನೀರು ಕುಡಿದ ಮಣ್ಣು ಗಟ್ಟಿಯಾಯಿತು. ಭತ್ತ, ಅರಿಸಿನ, ಬಾಳೆ ಬೆಳೆಯುತ್ತಿದ್ದ ಕಡೆ ಉಪ್ಪು ತಾಳಿಕೊಳ್ಳುವ ಬೆಳೆಗಳಷ್ಟೇ ಉಳಿದವು. ಕುಡಿಯುವ ನೀರಿನಲ್ಲಿ ಕರಗಿದ ಲವಣಗಳು ಲೀಟರಿಗೆ 500 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ಭಾರತೀಯ ಮಾನಕ; ಬೇರೆ ಮೂಲವೇ ಇಲ್ಲದಿದ್ದರೆ 2,000 ಮಿಲಿಗ್ರಾಂವರೆಗೆ ಸಹಿಸಬಹುದು. ಗಾಢ ಬಣ್ಣದ ತೊಟ್ಟಿಯಿಂದ ಹೊರಬೀಳುವ ನೀರಿನಲ್ಲಿ ಅದು ಲೀಟರಿಗೆ 80,000 ಮಿಲಿಗ್ರಾಂ ಮುಟ್ಟುತ್ತದೆ.

ಮೊದಲ ಪರಿಹಾರವಾಗಿ 1990ರ ದಶಕದ ಕೊನೆಗೆ ಹಲವು ಯೂನಿಟ್‌ಗಳು ಸೇರಿ ಸಾಮೂಹಿಕ ಶುದ್ಧೀಕರಣ ಘಟಕಗಳನ್ನು ಕಟ್ಟಿಕೊಂಡವು. ಅಲ್ಲಿ ಸುಣ್ಣ, ಫೆರಸ್ ಸಲ್ಫೇಟ್ ಹಾಕಿ ಬಣ್ಣವನ್ನು ತಳಕ್ಕಿಳಿಸುತ್ತಿದ್ದರು. ಹೊರಬರುವ ನೀರು ಕಣ್ಣಿಗೆ ತಿಳಿಯಾಗಿಯೇ ಕಾಣುತ್ತಿತ್ತು. ಆದರೆ ಉಪ್ಪು ಅದರಲ್ಲಿ ಹಾಗೆಯೇ ಇತ್ತು. ಸುರಿದ ರಾಸಾಯನಿಕಗಳಿಂದ ಲವಣದ ಪ್ರಮಾಣ ಇನ್ನಷ್ಟು ಏರಿತ್ತು. ಜೊತೆಗೆ ಎಲ್ಲಿ ಹಾಕಬೇಕೆಂದು ತೋಚದಷ್ಟು ಕೆಸರು. ಸಾರಿಗೆ ಬಿದ್ದ ಉಪ್ಪನ್ನು ಸೋಸಿ ತೆಗೆಯಲಾಗದಂತೆ, ನೀರಿನಲ್ಲಿ ಕರಗಿದ ಲವಣವನ್ನು ಜಲ್ಲಿ, ಮರಳು, ಸುಣ್ಣ, ಬ್ಯಾಕ್ಟೀರಿಯಾ ಯಾವುದೂ ಹಿಡಿಯಲಾರದು. ಬಣ್ಣ ಹೋದರೆ ಮಾಲಿನ್ಯ ಹೋಯಿತು ಎಂಬ ಎಣಿಕೆಯಲ್ಲಿ ಊರು ಹತ್ತು ವರ್ಷ ಕಳೆಯಿತು.

ನೊಯ್ಯಲ್ ಅಚ್ಚುಕಟ್ಟುದಾರರ ಸಂಘ ಮದ್ರಾಸ್ ಹೈಕೋರ್ಟಿನ ಮೆಟ್ಟಿಲೇರಿತು. 2006ರ ಡಿಸೆಂಬರಿನಲ್ಲಿ ನ್ಯಾಯಾಲಯ, ಯೂನಿಟ್‌ಗಳಿಂದ ಒಂದು ಹನಿ ತ್ಯಾಜ್ಯನೀರೂ ಹೊರಗೆ ಹೋಗಕೂಡದು ಎಂದು ಗಡುವು ವಿಧಿಸಿತು. ಅಲ್ಲಿಯವರೆಗೆ ಹೊರಬಿಟ್ಟ ಪ್ರತಿ ಲೀಟರಿಗೆ 6 ಪೈಸೆಯಿಂದ ಆರಂಭವಾಗಿ 10 ಪೈಸೆವರೆಗೆ ಏರುವ ದಂಡವನ್ನೂ ಹಾಕಿತು. ಯೂನಿಟ್ ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. ಕೆಡಿಸಿದವರೇ ತೆರಬೇಕು ಎಂಬ ತತ್ವವನ್ನು 2009ರ ಅಕ್ಟೋಬರಿನಲ್ಲಿ ಅದು ಎತ್ತಿಹಿಡಿಯಿತು. ಆದರೂ ನದಿಗೆ ಬಣ್ಣದ ನೀರು ನಿಲ್ಲಲಿಲ್ಲ. 2011ರ ಜನವರಿ 28ರಂದು ಹೈಕೋರ್ಟು ಎಲ್ಲ ಡೈಯಿಂಗ್, ಬ್ಲೀಚಿಂಗ್ ಯೂನಿಟ್‌ಗಳನ್ನೂ ಅವುಗಳ ಸಾಮೂಹಿಕ ಘಟಕಗಳನ್ನೂ ಮುಚ್ಚಿಸಿ, ವಿದ್ಯುತ್ ಕಡಿತಗೊಳಿಸಲು ಆದೇಶಿಸಿತು. 700ಕ್ಕೂ ಹೆಚ್ಚು ಯೂನಿಟ್‌ಗಳು ಒಮ್ಮೆಗೇ ನಿಂತವು.

ಆ ಕಾಲದ ಎರಡು ಸಂಗತಿಗಳನ್ನು ಒಟ್ಟಿಗೇ ನೋಡಬೇಕು. ಒಂದು, ಸಾವಿರಾರು ಕಾರ್ಮಿಕರ ಕೂಲಿ ನಿಂತಿತು. ಇನ್ನೊಂದು, ಬಣ್ಣ ಹಾಕುವ ಕೆಲಸ ನಿಲ್ಲಲಿಲ್ಲ. ಬಟ್ಟೆಯ ಥಾನುಗಳು ಲಾರಿ ಹತ್ತಿ ಲುಧಿಯಾನ, ಅಹಮದಾಬಾದುಗಳ ಕಡೆ ಹೋದವು. ಈರೋಡ್, ನಾಮಕ್ಕಲ್, ಸೇಲಂ ಕಡೆಯ ಹಳ್ಳಿಗಳಲ್ಲಿ ಪರವಾನಗಿಯಿಲ್ಲದ ಶೆಡ್ಡುಗಳು ಎದ್ದವು. ಅಂಥವನ್ನು ಮಾಲಿನ್ಯ ನಿಯಂತ್ರಣ ಮಂಡಳಿ ಪತ್ತೆಹಚ್ಚಿ ಕೆಡವುತ್ತ ಬಂತು. ಒಂದು ನದಿಯನ್ನು ಮಾತ್ರ ಕಾಯುವ ನಿಯಮ ಇನ್ನೊಂದು ನದಿಯ ಮೇಲೆ ಹೊರೆ ಹಾಕುತ್ತದೆ. ತಿರುಪ್ಪೂರಿನ ಅನುಭವದಲ್ಲಿ ನಾಡಿನ ಉಳಿದ ಜವಳಿ ಕೇಂದ್ರಗಳು ಅತಿ ಹೆಚ್ಚು ಗಮನಿಸಬೇಕಾದದ್ದು ಇದನ್ನೇ.

ಮತ್ತೆ ಬಾಗಿಲು ತೆರೆಯಲು ಇದ್ದ ದಾರಿ ಒಂದೇ, ಜೀರೊ ಲಿಕ್ವಿಡ್ ಡಿಸ್ಚಾರ್ಜ್. ಎಂದರೆ ದ್ರವರೂಪದಲ್ಲಿ ಏನನ್ನೂ ಹೊರಬಿಡದಿರುವುದು. ತಮಿಳುನಾಡು ಸರ್ಕಾರ 200 ಕೋಟಿ ರೂಪಾಯಿ ಬಡ್ಡಿರಹಿತ ಸಾಲ ಕೊಟ್ಟಿತು. ಬ್ಯಾಂಕುಗಳ ಸಾಲವೂ ಸೇರಿ ಸಾಮೂಹಿಕ ಘಟಕಗಳು ಹೊಸದಾಗಿ ಸಜ್ಜಾದವು. ಇಂದು ಊರಿನಲ್ಲಿ ಇಂಥ 18 ಸಾಮೂಹಿಕ ಘಟಕಗಳಿವೆ. ದೊಡ್ಡ ಯೂನಿಟ್‌ಗಳು ತಮ್ಮದೇ ಘಟಕ ಇಟ್ಟುಕೊಂಡಿವೆ.

ಅಲ್ಲಿ ನೀರು ಹಾದುಹೋಗುವ ದಾರಿ ಉದ್ದವಾದದ್ದು. ಮೊದಲು ದೊಡ್ಡ ತೊಟ್ಟಿಗಳಲ್ಲಿ ಬ್ಯಾಕ್ಟೀರಿಯಾ ಸಾವಯವ ಕಶ್ಮಲವನ್ನು ತಿಂದುಹಾಕುತ್ತವೆ. ಉಳಿದ ಬಣ್ಣವನ್ನು ಓಝೋನ್ ಅಥವಾ ಕ್ಲೋರಿನ್ ಕಳೆಯುತ್ತದೆ. ಸೂಕ್ಷ್ಮ ಸೋಸುಗಗಳ ನಂತರ ಬರುವುದು ರಿವರ್ಸ್ ಆಸ್ಮೋಸಿಸ್. ಹಳ್ಳಿಗಳ ಕುಡಿಯುವ ನೀರಿನ ಘಟಕದಲ್ಲಿರುವ ಆರ್‌ಒ ತಂತ್ರವೇ ಇದು, ಗಾತ್ರ ಮಾತ್ರ ಬೇರೆ. ಹಂತಹಂತವಾಗಿ ಒತ್ತಡ ಹೆಚ್ಚಿಸಿ ಸೋಸಿದಾಗ ನೂರು ಲೀಟರಿಗೆ 85-90 ಲೀಟರ್ ಒಳ್ಳೆಯ ನೀರು ಮರಳಿ ಯೂನಿಟ್‌ಗೆ ಸಿಗುತ್ತದೆ. ಉಪ್ಪೆಲ್ಲ ಸೇರಿಕೊಂಡಿರುವ ಉಳಿದ 10-15 ಲೀಟರಿನಲ್ಲೇ ನಿಜವಾದ ಕಷ್ಟ ಇರುವುದು. ಅದನ್ನು ಹಲವು ಹಂತದ ಆವಿಯಂತ್ರಗಳಲ್ಲಿ ಕುದಿಸಿ ನೀರನ್ನು ಹಾರಿಸಿ, ಉಪ್ಪನ್ನು ಹರಳುಗಟ್ಟಿಸಬೇಕು. ನೀರನ್ನು ಆವಿ ಮಾಡುವುದಕ್ಕಿಂತ ಹೆಚ್ಚು ಉರುವಲು ತಿನ್ನುವ ಕೆಲಸ ಈ ಸರಣಿಯಲ್ಲಿ ಬೇರೆ ಯಾವುದೂ ಇಲ್ಲ. ಘಟಕಗಳ ಬಾಯ್ಲರುಗಳಿಗೆ ಸೌದೆ ಬೇಕು, ಪಂಪುಗಳಿಗೆ ವಿದ್ಯುತ್ ಬೇಕು. ನದಿಗೆ ಹೋಗುತ್ತಿದ್ದ ಹೊರೆಯ ಒಂದು ಭಾಗ ಹೀಗೆ ಗಾಳಿಗೆ ವರ್ಗವಾಗುತ್ತದೆ.

ಈ ಖರ್ಚನ್ನು ತಗ್ಗಿಸಿದ್ದು ಒಂದು ಸರಳ ಬದಲಾವಣೆ. ಅಡುಗೆ ಉಪ್ಪಿನ ಬದಲು ಗ್ಲಾಬರ್ಸ್ ಸಾಲ್ಟ್, ಅಂದರೆ ಸೋಡಿಯಂ ಸಲ್ಫೇಟ್ ಬಳಸಿದರೂ ಬಟ್ಟೆ ಬಣ್ಣ ಹಿಡಿಯುತ್ತದೆ. ಇದಕ್ಕಿರುವ ಅನುಕೂಲವೆಂದರೆ, ದ್ರಾವಣವನ್ನು ತಂಪು ಮಾಡಿದರೆ ಸಾಕು, ಶುದ್ಧ ಹರಳಾಗಿ ಬೇರೆಯಾಗುತ್ತದೆ. ಕುದಿಸಿ ಬತ್ತಿಸುವ ಕೆಲಸ ಕಡಿಮೆ. ಅರುಳ್‌ಪುರಂನ ಸಾಮೂಹಿಕ ಘಟಕದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಆರ್‌ಒದಲ್ಲಿ ಉಳಿದ ಉಪ್ಪುನೀರಿನಿಂದ ಬಣ್ಣ, ಗಡಸುತನಗಳನ್ನು ಮಾತ್ರ ತೆಗೆದು, ಅದನ್ನು ದ್ರಾವಣವಾಗಿಯೇ ಯೂನಿಟ್‌ಗಳಿಗೆ ಮರಳಿಸಿದರು. ಹೇಗೂ ಮುಂದಿನ ಲಾಟಿಗೆ ಉಪ್ಪು ಬೇಕೇ ಬೇಕು. ಹರಳು ಮಾಡಿ ಮತ್ತೆ ಕರಗಿಸುವುದೇಕೆ? ಈ ವಿಧಾನ ಊರಿನ ಇತರ ಘಟಕಗಳಿಗೂ ಹಬ್ಬಿತು. ಹೀಗೆ ನೀರು, ಉಪ್ಪು ಎರಡೂ ಸುತ್ತು ಹೊಡೆಯುವಂತಾದರೂ ಕೊನೆಯಲ್ಲಿ ಯಾವುದಕ್ಕೂ ಬಾರದ ಮಿಶ್ರ ಲವಣ, ಕೆಸರು ಉಳಿಯುತ್ತವೆ. ಕೆಸರನ್ನು ಸಿಮೆಂಟ್ ಕಾರ್ಖಾನೆಗಳ ಕುಲುಮೆಗೆ ಕಳಿಸಲು ಬರುತ್ತದೆ. ಮಿಶ್ರ ಲವಣಕ್ಕೆ ಅಂಥ ದಾರಿಯಿಲ್ಲ. ಮಳೆ ತಾಗದಂತೆ ಶೆಡ್ಡುಗಳಲ್ಲಿ ಮೂಟೆ ಕಟ್ಟಿ ಕಾಯಬೇಕು.

ಇಷ್ಟಕ್ಕೆಲ್ಲ ದುಡ್ಡು ಕೊಡುವವರು ಯಾರು ಎಂಬುದು ಮುಂದಿನ ಪ್ರಶ್ನೆ. ಡೈಯಿಂಗ್ ಯೂನಿಟ್‌ಗಳು ಬಹುಪಾಲು ಜಾಬ್ ವರ್ಕ್ ಮೇಲೆ ನಡೆಯುತ್ತವೆ. ಯುರೋಪಿನ ಬ್ರ್ಯಾಂಡು ರಫ್ತುದಾರರಿಗೆ ಆರ್ಡರ್ ಕೊಡುತ್ತದೆ, ರಫ್ತುದಾರರು ಬಟ್ಟೆಯನ್ನು ಕಿಲೊ ಲೆಕ್ಕದ ಕೂಲಿಗೆ ಯೂನಿಟ್‌ಗೆ ಕೊಡುತ್ತಾರೆ. ಬ್ರ್ಯಾಂಡು ದರ ಚೌಕಾಸಿ ಮಾಡುವಾಗ ತಿರುಪ್ಪೂರಿನ ಬೆಲೆಯನ್ನು ಇಂಥ ನಿಯಮವಿಲ್ಲದ ಊರು, ದೇಶಗಳ ಬೆಲೆಯ ಪಕ್ಕದಲ್ಲಿಟ್ಟು ನೋಡುತ್ತದೆ. ಶುದ್ಧೀಕರಣದ ವೆಚ್ಚ ಹೀಗಾಗಿ ಸರಪಣಿಯ ಅತಿ ದುರ್ಬಲ ಕೊಂಡಿಯ ಮೇಲೆ ಬಂದು ಕೂರುತ್ತದೆ. ಬ್ರ್ಯಾಂಡುಗಳು ತಮ್ಮ ಪೂರೈಕೆದಾರರಿಗೆ ಕೊಡುವ ನಿಷೇಧಿತ ರಾಸಾಯನಿಕಗಳ ಪಟ್ಟಿ ಉದ್ದವಾಗಿದೆ. ಭಾರಲೋಹ, ಕ್ಯಾನ್ಸರ್‌ಕಾರಕ ಅಜೋ ಬಣ್ಣ ಎಲ್ಲ ಅದರಲ್ಲಿವೆ, ಇರಬೇಕಾದ್ದೇ. ಆದರೆ ಉಪ್ಪು ವಿಷವಲ್ಲ, ಆದ್ದರಿಂದ ಅದು ನಿಷೇಧದ ಪಟ್ಟಿಗೆ ಬರುವುದಿಲ್ಲ. ಒರತ್ತುಪಾಳ್ಯಂನ ಸುತ್ತಲಿನ ನೆಲ ಕೆಟ್ಟದ್ದು ಮಾತ್ರ ಮುಖ್ಯವಾಗಿ ಅದರಿಂದಲೇ.

ಉಪ್ಪನ್ನು ಮರಳಿ ಪಡೆಯುವುದಕ್ಕಿಂತ ಬಳಸದಿರುವುದು ಮೇಲು. ಅದಕ್ಕೆ ದಾರಿಗಳಿವೆ. ಕೋಲ್ಡ್ ಪ್ಯಾಡ್ ಬ್ಯಾಚ್ ವಿಧಾನದಲ್ಲಿ ಬಣ್ಣ, ಕ್ಷಾರಗಳಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಉರುಳೆಗೆ ಸುತ್ತಿ, ಪ್ಲಾಸ್ಟಿಕ್ ಹೊದೆಸಿ, ಕೋಣೆಯ ತಾಪದಲ್ಲೇ ಹನ್ನೆರಡು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ತಿರುಗಲು ಬಿಡುತ್ತಾರೆ. ನೀರು ಕಡಿಮೆಯಿರುವುದರಿಂದ ಬಣ್ಣ ಎಳೆಯ ಹತ್ತಿರವೇ ಇರುತ್ತದೆ, ಉಪ್ಪಿನ ಅಗತ್ಯ ಬೀಳುವುದಿಲ್ಲ. ಆದರೆ ಜಗ್ಗುವ ನಿಟ್ಟೆಡ್ ಬಟ್ಟೆಗೆ ಇದನ್ನು ಹೊಂದಿಸಲು ಬೇರೆ ಯಂತ್ರ ಬೇಕು, ಲಾಟೂ ದೊಡ್ಡದಿರಬೇಕು. ಹತ್ತಿಯ ಮೈಗೆ ಮೊದಲೇ ಧನ ವಿದ್ಯುದಂಶ ಕೊಡುವ ಕ್ಯಾಟಯಾನಿಕ್ ಸಂಸ್ಕರಣೆ ಇನ್ನೊಂದು ದಾರಿ; ಬಣ್ಣ ತಾನಾಗಿ ಎಳೆಗೆ ಅಂಟುತ್ತದೆ, ಆದರೆ ಎಲ್ಲೆಡೆ ಸಮನಾಗಿ ಹರಡಿಸುವುದು ಕಷ್ಟ. ನೀರಿಲ್ಲದೆ ಇಂಗಾಲದ ಡೈಆಕ್ಸೈಡಿನಲ್ಲಿ ಬಣ್ಣ ಹಾಕುವ ಯಂತ್ರಗಳು ಸುದ್ದಿ ಮಾಡಿವೆ; ಅವು ಪಾಲಿಯೆಸ್ಟರಿಗೆ ಸರಿ, ಹತ್ತಿಗೆ ಇನ್ನೂ ಒಗ್ಗಿಲ್ಲ.

ಬಣ್ಣವನ್ನು ಗಿಡದಲ್ಲೇ ತರುವ ಪ್ರಯತ್ನ ಕರ್ನಾಟಕದ್ದು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಕಂದು ಬಣ್ಣದ ಹತ್ತಿಯ ತಳಿಗಳನ್ನು ರೂಪಿಸಿದೆ. ಅವುಗಳ ನೂಲಿಗೆ ಬಣ್ಣದ ತೊಟ್ಟಿಯೇ ಬೇಡ. ಕಂದಿನ ಛಾಯೆಗಳನ್ನು ಮೀರಿದ ಆಯ್ಕೆ ಕಡಿಮೆ, ಎಳೆ ಗಿಡ್ಡ, ಪಕ್ಕದ ಬಿಳಿ ಹತ್ತಿಯ ಜೊತೆ ಪರಾಗ ಬೆರೆಯದಂತೆ ದೂರ ಬೆಳೆಯಬೇಕು. ಆದರೂ ಇದು ಬರಿಯ ಪ್ರಯೋಗಾಲಯದ ಕುತೂಹಲವಾಗಿ ಉಳಿಯಬಾರದ ಕೆಲಸ.

ಇನ್ನೊಂದು ದಾರಿ ತಿರುಪ್ಪೂರಿನ ಕತ್ತರಿ ಮೇಜುಗಳ ಕೆಳಗೇ ಇದೆ. ಅಂಗಿ ಕತ್ತರಿಸುವಾಗ ಉಳಿಯುವ ಚಿಂದಿಯನ್ನು ಇಲ್ಲಿ ಕಸವೆಂದು ಎಸೆಯುವುದಿಲ್ಲ, ಕೊಳ್ಳುವ ವ್ಯಾಪಾರಿಗಳಿದ್ದಾರೆ. ಅದನ್ನು ಹೆಂಗಸರು ಬಣ್ಣಬಣ್ಣವಾಗಿ ಆರಿಸುತ್ತಾರೆ: ಕೆಂಪಿಗೆ ಕೆಂಪು, ನೀಲಿಗೆ ನೀಲಿ. ಯಂತ್ರಗಳು ಅದನ್ನು ಹರಿದು ಮತ್ತೆ ಎಳೆಯಾಗಿಸುತ್ತವೆ, ಓಪನ್ ಎಂಡ್ ಗಿರಣಿಗಳು ನೂಲುತ್ತವೆ. ಹರಿದ ಎಳೆ ಗಿಡ್ಡವಾಗುವುದರಿಂದ ಹೊಸ ಹತ್ತಿ ಅಥವಾ ಪಾಲಿಯೆಸ್ಟರ್ ಬೆರೆಸಬೇಕಾಗುತ್ತದೆ. ಆದರೆ ಬಣ್ಣ ಮೊದಲೇ ಇರುವುದರಿಂದ ಈ ನೂಲಿಗೆ ಹೊಸ ಬಣ್ಣವೂ ಬೇಡ, ಉಪ್ಪೂ ಬೇಡ. ಮರುಬಳಕೆಯ ಲಾಭವೆಂದರೆ ಹತ್ತಿ ಉಳಿಯಿತು ಎಂದಷ್ಟೇ ಹೇಳುವುದು ರೂಢಿ. ನೊಯ್ಯಲ್ ದಂಡೆಯಲ್ಲಿ ನಿಂತು ನೋಡಿದರೆ ಉಳಿದ ಉಪ್ಪಿನ ಲೆಕ್ಕವೇ ದೊಡ್ಡದು. ಉಟ್ಟು ಬಿಟ್ಟ ಹಳೆಯ ಬಟ್ಟೆಯಲ್ಲಿ ಈ ಕೆಲಸ ಹತ್ತುಪಟ್ಟು ಕಷ್ಟ. ಗುಂಡಿ, ಝಿಪ್ಪು, ಹತ್ತಿಯೊಳಗೆ ಬೆರೆತ ಪಾಲಿಯೆಸ್ಟರ್, ಸ್ಪ್ಯಾಂಡೆಕ್ಸ್ ಎಲ್ಲವನ್ನೂ ಬೇರ್ಪಡಿಸಬೇಕು. ಹರಿಯಾಣದ ಪಾಣಿಪತ್ ದಶಕಗಳಿಂದ ವಿದೇಶಗಳ ಹಳೆಯ ಉಣ್ಣೆಬಟ್ಟೆಯನ್ನು ಹರಿದು ಕಂಬಳಿ ನೇಯುತ್ತ ಬಂದಿದೆ. ಅಲ್ಲಿಯೂ ಆರಿಸುವ ಕೆಲಸ ನಡೆಯುವುದು ಕೈಯಿಂದಲೇ.

ಕರ್ನಾಟಕಕ್ಕೆ ಈ ಪಾಠ ತೀರ ಹತ್ತಿರದ್ದು. ಬಳ್ಳಾರಿಯ ಜೀನ್ಸ್ ಉದ್ಯಮವೂ ಮನೆಮನೆಯ ಹೊಲಿಗೆ, ಜಾಬ್ ವರ್ಕ್‌ಗಳ ಮೇಲೆಯೇ ಬೆಳೆದದ್ದು. ಹೊಲಿದ ಪ್ಯಾಂಟಿಗೆ ಮಾಸಲು ನೋಟ ಕೊಡುವ ವಾಷಿಂಗ್ ಯೂನಿಟ್‌ಗಳ ನೀರಿನಲ್ಲಿ ನೀಲಿ, ಬ್ಲೀಚು, ಕಲ್ಲುಪುಡಿ ಬೆರೆತಿರುತ್ತವೆ. ಆ ನೀರಿನ ಕಾರಣಕ್ಕೆ ಅವು ಮಾಲಿನ್ಯ ನಿಯಂತ್ರಣ ಮಂಡಳಿಯ ಕ್ರಮವನ್ನು ಎದುರಿಸಿವೆ. ಸಣ್ಣ ಯೂನಿಟ್‌ಗಳು ಒಂಟಿಯಾಗಿ ಶುದ್ಧೀಕರಣ ಘಟಕ ಕಟ್ಟಲಾರವು. ಸಾಮೂಹಿಕ ಘಟಕ ಮೊದಲು, ವಿಸ್ತರಣೆ ಆಮೇಲೆ ಎಂಬ ಕ್ರಮ ಅಲ್ಲಿ ಪಾಲನೆಯಾಗಬೇಕು. ತಿರುಪ್ಪೂರು ಅದನ್ನು ತಿರುಗುಮುರುಗು ಮಾಡಿ ಇಪ್ಪತ್ತು ವರ್ಷ ತೆತ್ತಿತು.

ಒರತ್ತುಪಾಳ್ಯಂ ಸುತ್ತಲಿನ ಅಂತರ್ಜಲದ ಉಪ್ಪು ಇನ್ನೂ ಪೂರ್ತಿ ಇಳಿದಿಲ್ಲ. ನೆಲದಾಳಕ್ಕೆ ಹೋದ ಲವಣವನ್ನು ತೊಳೆಯಬಲ್ಲದ್ದು ಮಳೆಯೊಂದೇ, ಅದಕ್ಕೆ ದಶಕಗಳೇ ಹಿಡಿಯುತ್ತವೆ. ಈ ನಡುವೆ ಬಟ್ಟೆ ಕೊಳ್ಳುವ ದೇಶಗಳ ಕಾನೂನು ಬದಲಾಗುತ್ತಿದೆ. 2024ರ ಜುಲೈನಲ್ಲಿ ಜಾರಿಗೆ ಬಂದ ಐರೋಪ್ಯ ಒಕ್ಕೂಟದ ನಿಯಮವು ಉತ್ಪನ್ನಗಳಿಗೆ ಡಿಜಿಟಲ್ ಪಾಸ್‌ಪೋರ್ಟ್ ಕಡ್ಡಾಯ ಮಾಡುವ ಅಧಿಕಾರ ಕೊಟ್ಟಿದೆ. ಅದು ಮೊದಲು ಕೈಗೆತ್ತಿಕೊಳ್ಳಲಿರುವ ವಸ್ತುಗಳಲ್ಲಿ ಉಡುಪೂ ಒಂದು. ಕಿಲೊ ಬಟ್ಟೆಗೆ ಎಷ್ಟು ನೀರು ಹಿಡಿಯಿತು, ಎಷ್ಟು ಮರಳಿ ಸಿಕ್ಕಿತು, ಉಪ್ಪು ಎಲ್ಲಿ ಹೋಯಿತು ಎಂಬ ಅಂಕಣಗಳು ಆ ಪಾಸ್‌ಪೋರ್ಟಿನಲ್ಲಿ ಸೇರಬೇಕು. ತಿರುಪ್ಪೂರಿನ ಘಟಕಗಳಲ್ಲಿ ಒಳಬರುವ, ಮರಳುವ ನೀರನ್ನು ಮೀಟರುಗಳು ದಿನವೂ ಅಳೆಯುತ್ತಿವೆ. ಬ್ರ್ಯಾಂಡು ದರ ನಿಗದಿ ಮಾಡುವಾಗ ಆ ಅಂಕಿಗಳನ್ನು ಬೆಲೆಪಟ್ಟಿಯ ಪಕ್ಕದಲ್ಲಿಟ್ಟು ಓದಲು ಯಾವ ಹೊಸ ತಂತ್ರಜ್ಞಾನವೂ ಬೇಕಿಲ್ಲ.